ಸೇತುವೆ ಮುರಿಯುವ ಮೊದಲೇ ಗುಳಿಗೆ ಹೊಳೆ ದಾಟಿರಲಿ: ಉತ್ತರ ಕನ್ನಡದ ಕರಾವಳಿಗೆ ಚಂಡಮಾರುತ, ನೆರೆ ಕಾಲದ ಔಷಧಿ ಪೂರೈಕೆಯ ಸಮಗ್ರ ಮಾರ್ಗದರ್ಶಿ

ಕಾಳಜಿ ಕೇಂದ್ರದ ಜಗಲಿಯಲ್ಲಿ ಮೊದಲ ಸಲ ಮೇಜು ಹಾಕಿ ಕೂತಾಗ ನನ್ನ ಮುಂದೆ ಇದ್ದದ್ದು ಹತ್ತಿ, ಬ್ಯಾಂಡೇಜು, ಗಾಯದ ಮುಲಾಮು, ಪ್ಯಾರಾಸಿಟಮಾಲ್, ಒಂದಷ್ಟು ಓಆರ್‌ಎಸ್. ಕೈಕಾಲು ಕೊಯ್ದುಕೊಂಡವರು ಸಾಲು ಹಚ್ಚುತ್ತಾರೆ ಅಂದುಕೊಂಡಿದ್ದೆ. ಮೊದಲು ಬಂದದ್ದು ಒಬ್ಬ ಅಜ್ಜಿ. ಒದ್ದೆ ಸೆರಗಿನ ಗಂಟು ಬಿಚ್ಚಿ ಫಾಯಿಲಿನ ಒಂದು ತುಂಡು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಗುಳಿಗೆ ಇರಲಿಲ್ಲ. "ತಮಾ, ಡಬ್ಬಿ ಪೂರ್ತಿ ನೀರಲ್ಲಿ ಹೋಯ್ತು. ಇದೊಂದು ಬೆಳಗ್ಗೆ, ಇನ್ನೊಂದು ಸಣ್ಣ ಬಿಳೀದು ರಾತ್ರಿ." ಹಿಂಬದಿಯ ಅಕ್ಷರ ಅಳಿಸಿ ಕೊನೆಯ 'ಲೋಲ್' ಅಷ್ಟೇ ಓದಲು ಬರುತ್ತಿತ್ತು. ಅಟೆನೋಲೋಲ್ ಇರಬಹುದು, ಮೆಟೊಪ್ರೊಲೋಲ್ ಇರಬಹುದು, ಎರಡೂ ಬಿಪಿಯ ಗುಳಿಗೆ. ನನ್ನ ಪೆಟ್ಟಿಗೆಯಲ್ಲಿ ಎರಡೂ ಇರಲಿಲ್ಲ.

ಆ ದಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡವರು ನಾಲ್ಕೇ ಜನ. ಬಿಪಿ, ಶುಗರ್, ಉಬ್ಬಸ, ಫಿಟ್ಸ್‌ನ ಗುಳಿಗೆ ಕೇಳಿದವರನ್ನು ಎಣಿಸುವುದನ್ನೇ ಬಿಟ್ಟೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಅರಬ್ಬಿ ಸಮುದ್ರದಲ್ಲಿ ಎದ್ದರೆ ಚಂಡಮಾರುತ, ಅಟ್ಲಾಂಟಿಕ್‌ನಲ್ಲಿ ಎದ್ದರೆ ಹರಿಕೇನ್. ಗಾಳಿಯ ಜಾತಿ ಒಂದೇ. 2017ರಲ್ಲಿ ಮಾರಿಯಾ ಹರಿಕೇನ್ ಪೋರ್ಟೊ ರಿಕೊ ದ್ವೀಪಕ್ಕೆ ಬಡಿದ ಮೇಲೆ ಹಾರ್ವರ್ಡ್‌ನ ಸಂಶೋಧಕರು ಮನೆಮನೆ ಸಮೀಕ್ಷೆ ಮಾಡಿದರು. ಅವರ ಅಂದಾಜಿನಂತೆ, ನಂತರದ ತಿಂಗಳುಗಳ ಸಾವುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಕಾರಣ ಚಿಕಿತ್ಸೆ ತಡವಾದದ್ದು ಅಥವಾ ನಿಂತುಹೋದದ್ದು. ಅದೇ ದ್ವೀಪದಲ್ಲಿ ಸಲೈನ್ ಚೀಲ ಮಾಡುವ ಕಾರ್ಖಾನೆಗಳಿದ್ದವು. ಅವು ನಿಂತದ್ದೇ ತಡ, ಇಡೀ ಅಮೆರಿಕದ ಆಸ್ಪತ್ರೆಗಳಲ್ಲಿ ಸಲೈನಿಗೆ ತತ್ವಾರವಾಯಿತು. ಗಾಳಿ ಬಡಿದದ್ದು ಒಂದು ಕಡೆ, ಔಷಧಿ ಮುಗಿದದ್ದು ಇನ್ನೊಂದು ಕಡೆ.

ನನ್ನಂಥ ಮೆಡಿಕಲ್ ಅಂಗಡಿಯವರು, ಆಶಾ ಕಾರ್ಯಕರ್ತೆಯರು, ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಫಾರ್ಮಾಸಿಸ್ಟರು, ಯುವಕ ಮಂಡಳದ ಹುಡುಗರು ಸೇರಿ ಮಾಡಬಹುದಾದ ಕೆಲಸ ಇದು. ಯಾವ ಔಷಧಿ, ಯಾರಿಗೆ, ಎಷ್ಟು ಎನ್ನುವುದು ವೈದ್ಯರ ಮಾತು. ಅದನ್ನು ಒಣಗಿದ ಸ್ಥಿತಿಯಲ್ಲಿ, ಹೊತ್ತಿಗೆ ಸರಿಯಾಗಿ ರೋಗಿಯ ಕೈಗೆ ಮುಟ್ಟಿಸುವುದು ನಮ್ಮ ಕೆಲಸ.

1. ತಾಲೂಕು ಮರೆತುಬಿಡಿ, ಹೊಳೆ ಎಣಿಸಿ

ಸರ್ಕಾರಿ ಲೆಕ್ಕ ತಾಲೂಕಿನ ಪ್ರಕಾರ ನಡೆಯುತ್ತದೆ. ರಸ್ತೆ ಕಡಿಯುವುದು ಹೊಳೆ ಮತ್ತು ಘಟ್ಟದ ಪ್ರಕಾರ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿ ಎಂದರೆ ಹೆದ್ದಾರಿ 66 ಎಂಬ ಒಂದೇ ದಾರಕ್ಕೆ ಪೋಣಿಸಿದ ಊರುಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಆ ದಾರವನ್ನು ಅಡ್ಡ ಕೊಯ್ಯುತ್ತವೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲಾ, ಕುಮಟಾ ನಡುವಿನ ಹೆದ್ದಾರಿ ದಿನಗಟ್ಟಲೆ ಬಂದ್. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ಹೊಳೆಯ ಹಳೇ ಸೇತುವೆ ನೀರಿಗೆ ಬಿತ್ತು. ಪಕ್ಕದ ಹೊಸ ಸೇತುವೆ ಉಳಿದದ್ದರಿಂದ ಸಂಪರ್ಕ ಪೂರ್ತಿ ಕಡಿಯಲಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಸೇತುವೆಯನ್ನು ಗಂಗಾವಳಿ ಹೊತ್ತೊಯ್ದಾಗ ಆಚೆ ದಡದ ಹಳ್ಳಿಗಳಿಗೆ ಅಂಥ ಅದೃಷ್ಟವೂ ಇರಲಿಲ್ಲ.

ಆದ್ದರಿಂದ ಮೇ ತಿಂಗಳು ಹುಟ್ಟುವ ಮೊದಲೇ ದಾಸ್ತಾನನ್ನು ಹೀಗೆ ಒಡೆಯಿರಿ: ಕಾಳಿಯ ಉತ್ತರಕ್ಕೆ ಒಂದು ಪಾಲು, ಕಾಳಿ-ಗಂಗಾವಳಿ ನಡುವೆ ಒಂದು, ಗಂಗಾವಳಿ-ಅಘನಾಶಿನಿ ನಡುವೆ ಒಂದು, ಅಘನಾಶಿನಿ-ಶರಾವತಿ ನಡುವೆ ಒಂದು, ಶರಾವತಿಯ ದಕ್ಷಿಣಕ್ಕೆ ಒಂದು. ಘಟ್ಟದ ಮೇಲೆ ಶಿರಸಿಯಲ್ಲಿ ಮೀಸಲು. ಕುಮಟಾದ ಐಗಳಕುರ್ವೆ, ಹೊನ್ನಾವರದ ಮಾವಿನಕುರ್ವೆಯಂಥ ಕುರ್ವೆಗಳಿಗೆ ಪ್ರತ್ಯೇಕ ಪೆಟ್ಟಿಗೆ ಬೇಕೇ ಬೇಕು. ಅಲ್ಲಿ ಹೊಳೆ ಎರಡೂ ಕಡೆ.

ಸರಕು ಬರುವ ದಾರಿಗಳೂ ತಲೆಯಲ್ಲಿರಲಿ. ಹುಬ್ಬಳ್ಳಿಯ ಹೋಲ್‌ಸೇಲ್ ಮಾಲು ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಇಳಿಯುತ್ತದೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ. ದಕ್ಷಿಣದಿಂದ ಬಂದರೆ ಮಂಗಳೂರು. ಮೂರೂ ಕಡಿದರೆ ಕೊಂಕಣ ರೈಲು: ಹಳಿ ತೆರೆದಿದ್ದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಲ್ಲ ಕಡೆ ನಿಲ್ದಾಣವಿದೆ. ಸ್ಟೇಶನ್ ಮಾಸ್ತರರ ಪರಿಚಯ ಬೇಸಿಗೆಯಲ್ಲೇ ಮಾಡಿಕೊಳ್ಳಿ. ಮಳೆಯಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ.

2. ಎಷ್ಟು ಹೊತ್ತು ತಪ್ಪಿದರೆ ಅಪಾಯ?

ಔಷಧಿ ಪಟ್ಟಿಯನ್ನು ಅಕಾರಾದಿಯಾಗಿಯೋ ಬೆಲೆಯ ಪ್ರಕಾರವೋ ಮಾಡಬೇಡಿ. ಪ್ರತಿ ಔಷಧಿಯ ಎದುರು ಒಂದೇ ಪ್ರಶ್ನೆ ಬರೆಯಿರಿ: ಇದು ತಪ್ಪಿದರೆ ರೋಗಿ ಎಷ್ಟು ಹೊತ್ತು ತಡೆಯುತ್ತಾನೆ?

ಗಂಟೆಗಳ ಲೆಕ್ಕದವು ಮೊದಲು. ಇನ್ಸುಲಿನ್, ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ ಶುಗರ್ ಬಂದ ಮಕ್ಕಳಿಗೆ. ಉಬ್ಬಸದವರ ಸಾಲ್ಬುಟಮಾಲ್ ಇನ್‌ಹೇಲರ್. ಫಿನಿಟಾಯ್ನ್, ವಾಲ್ಪ್ರೊಯೇಟ್‌ನಂಥ ಫಿಟ್ಸ್ ಗುಳಿಗೆ. ಇವನ್ನು ಥಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಕುತ್ತು. ಮನೆಯಲ್ಲೇ ಆಮ್ಲಜನಕ ತೆಗೆದುಕೊಳ್ಳುವವರು, ಡಯಾಲಿಸಿಸ್‌ನವರು ಕೂಡ ಈ ಸಾಲಿನವರೇ. ಅವರಿಗೆ ಔಷಧಿ ಕಳಿಸುವುದಲ್ಲ, ಮಳೆಗೆ ಮುಂಚೆ ಅವರನ್ನೇ ಆಸ್ಪತ್ರೆಯ ದಡಕ್ಕೆ ತಲುಪಿಸುವುದು ಕೆಲಸ.

ಒಂದೆರಡು ದಿನದ ಲೆಕ್ಕದವು ಆಮೇಲೆ. ಅಜ್ಜಿಯ 'ಲೋಲ್' ಜಾತಿಯ ಗುಳಿಗೆಗಳು, ಬಿಪಿಯದೇ ಇನ್ನೊಂದು ಗುಳಿಗೆ ಕ್ಲೋನಿಡಿನ್, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ರಕ್ತ ಹೆಪ್ಪುಗಟ್ಟದ ಗುಳಿಗೆ, ಮಾನಸಿಕ ಕಾಯಿಲೆಯ ಔಷಧಿ. ಇವು ಕಣ್ಣಿಗೆ ಸಾದಾ ಗುಳಿಗೆ. ತಟ್ಟನೆ ನಿಂತರೆ ಸೇಡು ತೀರಿಸಿಕೊಳ್ಳುತ್ತವೆ. ಟಿಬಿ ಮತ್ತು ಎಚ್‌ಐವಿ ಔಷಧಿ ಸರ್ಕಾರಿ ಕೇಂದ್ರಗಳಿಂದಲೇ ಬರುವುದರಿಂದ ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಮುಂಗಾರಿಗೆ ಮೊದಲು ಹೆಚ್ಚಿನ ದಿನದ್ದನ್ನು ಒಟ್ಟಿಗೇ ಕೊಡುವಂತೆ ಆ ಕೇಂದ್ರದವರನ್ನು ಕೇಳಬೇಕು.

ಥೈರಾಯ್ಡ್, ಕೊಲೆಸ್ಟ್ರಾಲ್, ವಿಟಮಿನ್ ಗುಳಿಗೆಗಳು ಕೆಲವು ದಿನ ತಡೆದುಕೊಳ್ಳುತ್ತವೆ. ದೋಣಿಯಲ್ಲಿ ಜಾಗ ಕಡಿಮೆಯಿದ್ದರೆ ಇವು ಎರಡನೇ ಟ್ರಿಪ್ಪಿಗೆ.

ಹಾವಿನ ವಿಷಕ್ಕೆ ಕೊಡುವ ಎಎಸ್‌ವಿಯನ್ನು ಕಾಳಜಿ ಕೇಂದ್ರದ ಪೆಟ್ಟಿಗೆಗೆ ಹಾಕಬೇಡಿ. ನೆರೆ ಬಂದಾಗ ಹಾವೂ ಮನುಷ್ಯರ ಜೊತೆ ಎತ್ತರದ ಜಾಗ ಹುಡುಕುತ್ತದೆ, ಕಡಿತ ಹೆಚ್ಚುತ್ತದೆ, ನಿಜ. ಆದರೆ ಮೊದಲ ಸುತ್ತಿಗೇ ಸಾಮಾನ್ಯವಾಗಿ ಹತ್ತು ವಯಲ್ ಬೇಕು, ಅಲರ್ಜಿ ತಿರುಗಿಬಿದ್ದರೆ ತಡೆಯಲು ವೈದ್ಯರು, ಅಡ್ರಿನಾಲಿನ್ ಪಕ್ಕದಲ್ಲೇ ಇರಬೇಕು. ಯಾವ ಆಸ್ಪತ್ರೆಯಲ್ಲಿ ಎಷ್ಟು ವಯಲ್ ಇದೆ, ಅಲ್ಲಿಗೆ ಯಾವ ದಾರಿ ತೆರೆದಿದೆ ಎಂಬ ಚೀಟಿ ಕೇಂದ್ರದ ಗೋಡೆ ಮೇಲಿದ್ದರೆ ಸಾಕು.

3. ಜನರ ಪಟ್ಟಿ

ಔಷಧಿಯ ಪಟ್ಟಿಗಿಂತ ಇದು ಕಷ್ಟ. ಬಿಪಿ, ಶುಗರ್ ತಪಾಸಣೆಯ ದಾಖಲೆ ಆರೋಗ್ಯ ಉಪಕೇಂದ್ರದಲ್ಲಿರುತ್ತದೆ. ಅದನ್ನು ನೆನಪಿನಿಂದಲೇ ಹೇಳುವ ಆಶಾ ಅಕ್ಕಂದಿರೂ ಇದ್ದಾರೆ. ಏಪ್ರಿಲ್‌ನಲ್ಲಿ ಅವರ ಜೊತೆ ಕೂತು ಮುಳುಗುವ ಕೇರಿಗಳ ಪಟ್ಟಿ ಮಾಡಿ: ಮನೆ, ಕಾಯಿಲೆ, ಔಷಧಿಯ ರಾಸಾಯನಿಕ ಹೆಸರು, ಎಷ್ಟು ಎಂಜಿ, ಎಷ್ಟು ಹೊತ್ತು. ಬ್ರ್ಯಾಂಡ್ ಹೆಸರು ಬೇಡ, ನೆರೆಯಲ್ಲಿ ಸಿಗುವುದು ಯಾವ ಕಂಪನಿಯದೋ ದೇವರೇ ಬಲ್ಲ. ಈ ಪಟ್ಟಿ ಜನರ ಗುಟ್ಟು ಕೂಡ ಹೌದು, ವಾಟ್ಸಾಪ್ ಗುಂಪಿಗೆ ಹಾಕುವ ವಸ್ತುವಲ್ಲ. ಮಾನಸಿಕ ಕಾಯಿಲೆ, ಎಚ್‌ಐವಿ ಹೆಸರುಗಳು ಇದರಲ್ಲಿ ಬರಲೇಬಾರದು. ಅವು ಆರೋಗ್ಯ ಸಿಬ್ಬಂದಿಯ ಬಳಿಯೇ ಉಳಿಯಲಿ.

ಮನೆಯವರಿಗೆ ಹೇಳುವುದು ಎರಡೇ ಮಾತು. ವೈದ್ಯರ ಚೀಟಿಯ ಫೋಟೊ ಮಗನ ಮೊಬೈಲಿನಲ್ಲಿರಲಿ. ಹದಿನೈದು ದಿನದ ಗುಳಿಗೆ ಜಿಪ್ ಕವರಿನಲ್ಲಿ, ಆಧಾರ್ ಕಾರ್ಡ್, ಪಾಸ್‌ಬುಕ್ ಇಡುವ ಚೀಲದಲ್ಲೇ ಇರಲಿ. ನೀರು ಬಂದಾಗ ಆ ಚೀಲವನ್ನಂತೂ ಯಾರೂ ಬಿಟ್ಟು ಓಡುವುದಿಲ್ಲ.

ಚೀಟಿಯೂ ಇಲ್ಲ, ಫೋಟೊವೂ ಇಲ್ಲ ಎನ್ನುವವರಿಗಾಗಿ ನಾನೊಂದು ರಟ್ಟು ಮಾಡಿಕೊಂಡಿದ್ದೇನೆ. ನಮ್ಮ ಕಡೆ ಹೆಚ್ಚು ಓಡುವ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿ, ಪಕ್ಕದಲ್ಲಿ ಹೆಸರು, ಎಂಜಿ ಬರೆದಿದ್ದೇನೆ. "ಇದರಲ್ಲಿ ನಿಮ್ಮದು ಯಾವುದಮ್ಮಾ?" ಎಂದರೆ ಬೆರಳು ಸೀದಾ ಹೋಗುತ್ತದೆ. ಹಾಗೆಂದು ಬೆರಳು ತೋರಿಸಿದ್ದನ್ನೇ ಕೊಟ್ಟುಬಿಡುವುದಲ್ಲ. ವೈದ್ಯರು ಬಿಪಿ ನೋಡಿ, ನಾಡಿ ಹಿಡಿದು ಹೂಂ ಅನ್ನಬೇಕು. ಆದರೂ ಸೊನ್ನೆಯಿಂದ ಶುರುಮಾಡುವುದು ತಪ್ಪುತ್ತದೆ.

4. ಪೆಟ್ಟಿಗೆ

ಇನ್ನೂರು ಜನರ ಕೇಂದ್ರಕ್ಕೆ ಒಂದು ವಾರಕ್ಕೆ ನಾನು ಕಟ್ಟುವ ಸಾಮಾನ್ಯ ಪೆಟ್ಟಿಗೆಯಲ್ಲಿ ಓಆರ್‌ಎಸ್ 200 ಪೊಟ್ಟಣ, ಪ್ಯಾರಾಸಿಟಮಾಲ್ 500 ಎಂಜಿ 600 ಗುಳಿಗೆ, ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ 20 ಬಾಟಲಿ, ಜಿಂಕ್ 20 ಎಂಜಿ 200 ಗುಳಿಗೆ, ಸೆಟ್ರಿಜಿನ್ 200, ಕಾಲು ಬೆರಳ ಸಂದಿನ ಹುಣ್ಣಿಗೆ ಕ್ಲೋಟ್ರಿಮಝೋಲ್ ಮುಲಾಮು 40, ಪೊವಿಡೋನ್ ಅಯೋಡಿನ್, ಗಾಜ್, ಗ್ಲೌಸ್, ಸ್ಯಾನಿಟರಿ ಪ್ಯಾಡ್ ಇರುತ್ತವೆ. ಇದು ನನ್ನ ಅನುಭವದ ಅಂದಾಜು. ನಿಮ್ಮ ಪಿಎಚ್‌ಸಿ ವೈದ್ಯರು ತಿದ್ದಲಿ. ಪ್ರತಿಜೀವಕಗಳು ವೈದ್ಯರ ಚೀಲದಲ್ಲಿ ಹೋಗಲಿ, ಮೇಜಿನ ಮೇಲಲ್ಲ. ದೀರ್ಘಕಾಲದ ಕಾಯಿಲೆಯ ಔಷಧಿಯನ್ನು ಮಾತ್ರ ಹೀಗೆ ಅಂದಾಜಿನಲ್ಲಿ ಕಟ್ಟಬೇಡಿ, ಮೇಲಿನ ಪಟ್ಟಿ ನೋಡಿಯೇ ಕಟ್ಟಿ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬವೇ ಆಗಬೇಕು. ರಟ್ಟಿನ ಪೆಟ್ಟಿಗೆ ನಮ್ಮ ಮಳೆಗೆ ಅರ್ಧ ಗಂಟೆಯೂ ತಾಳುವುದಿಲ್ಲ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ. ತೂಕ 15 ಕೆಜಿ ದಾಟಬಾರದು, ಏಕೆಂದರೆ ಕೊನೆಯ ಅರ್ಧ ಕಿಲೋಮೀಟರ್ ಅದು ಹೋಗುವುದು ಯಾರದೋ ತಲೆಯ ಮೇಲೆ, ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ದಾಟಿಕೊಂಡು. ಮುಚ್ಚಳಕ್ಕಷ್ಟೇ ಅಲ್ಲ, ಎರಡು ಬದಿಗೂ ಬರೆಯಿರಿ: ಎಲ್ಲಿಗೆ, ಒಳಗೆ ಏನು, ಯಾವುದು ಮೊದಲು ಎಕ್ಸ್‌ಪೈರಿ. ಬೇಗ ಅವಧಿ ಮುಗಿಯುವುದು ಮೇಲಿರಲಿ, ಅದೇ ಮೊದಲು ಹೊರಗೆ ಹೋಗಬೇಕು. ಒಳಗಿನ ಪಟ್ಟಿಯ ಇನ್ನೊಂದು ಪ್ರತಿ ನಿಮ್ಮ ಜೇಬಿನಲ್ಲಿರಲಿ.

ಬ್ಲೀಚಿಂಗ್ ಪೌಡರನ್ನು ಔಷಧಿಯ ಜೊತೆ ಒಂದೇ ಗಾಡಿಯಲ್ಲಿ ಹೇರಬೇಡಿ. ಒದ್ದೆಯಾದರೆ ಅದರ ಘಾಟು ಡಬ್ಬದ ಒಳಗೂ ಹೊಗುತ್ತದೆ, ಕತ್ತರಿ, ಸೂಜಿ ತುಕ್ಕು ಹಿಡಿಯುತ್ತವೆ. ಒಂದು ವರ್ಷ ಗುಳಿಗೆಯ ಕವರುಗಳೆಲ್ಲ ಈಜುಕೊಳದ ವಾಸನೆ ಹೊಡೆದು ಜನ ಮುಟ್ಟಲಿಲ್ಲ. ಹೇರಿದ ತಪ್ಪು ನನ್ನದೇ.

ದಾಸ್ತಾನು ಇಡುವ ಕೋಣೆಯಲ್ಲಿ ನೆಲದಿಂದ 10 ಸೆಂಟಿಮೀಟರ್ ಮೇಲೆ, ಗೋಡೆಯಿಂದ 30 ಸೆಂಟಿಮೀಟರ್ ದೂರ ಎನ್ನುವುದು ಪುಸ್ತಕದ ನಿಯಮ. ಹೊಳೆ ಬದಿಯ ಊರಲ್ಲಿ ನೆಲದಿಂದ 10 ಸೆಂಟಿಮೀಟರ್ ಎಂದರೆ ನಗು ಬರುತ್ತದೆ. ಹಿಂದಿನ ನೆರೆಯ ಗೆರೆ ಗೋಡೆಯ ಮೇಲೆ ಎಲ್ಲಿದೆಯೋ ಅದರ ಮೇಲೆ ಒಂದು ಮೊಳ ಎಂದು ಓದಿಕೊಳ್ಳಿ.

5. ತಂಪು

ಇನ್ಸುಲಿನ್ ಹಾಳಾಗುವುದು ಬಿಸಿಗೆ ಎಂದು ಎಲ್ಲರಿಗೂ ಗೊತ್ತು. ನೆರೆಯಲ್ಲಿ ನಾನು ಹೆಚ್ಚು ಕಂಡದ್ದು ಮಂಜುಗಡ್ಡೆಗೆ ಹಾಳಾದದ್ದು. ಮೀನು ಮಾರುಕಟ್ಟೆಯ ಥರ್ಮಾಕೋಲ್ ಪೆಟ್ಟಿಗೆ ನಮಗೆ ದೊಡ್ಡ ವರ. ತೊಳೆದು ಒಣಗಿಸಿದರೆ ಒಳ್ಳೇ ಕೆಲಸಕ್ಕೆ ಬರುತ್ತದೆ. ಆದರೆ ಕರುಣೆ ಉಕ್ಕಿ ಯಾರೋ ಅದಕ್ಕೆ ಮೀನಿನ ಐಸು ತುಂಬಿ, ಮೇಲೆ ವಯಲ್ ಹುಗಿದು ಕಳಿಸುತ್ತಾರೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಹೇಗೇ ಇರಲಿ, ಎಸೆಯಬೇಕು.

ಸರಿಯಾದ ಕ್ರಮ ಲಸಿಕೆಯವರಿಗೆ ಗೊತ್ತು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಮೇಜಿನ ಮೇಲಿಟ್ಟು, ಅಲುಗಾಡಿಸಿದರೆ ಒಳಗೆ ನೀರಿನ ಗುಳುಗುಳು ಕೇಳುವವರೆಗೆ ಕಾಯಿರಿ. ಆಮೇಲೆ ಪೆಟ್ಟಿಗೆಗೆ. ವಯಲ್‌ಗಳನ್ನು ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿ, ಪ್ಯಾಕಿಗೆ ನೇರ ತಾಗದಂತೆ, ನಡುವೆ ಒಂದು ಥರ್ಮಾಮೀಟರ್ ಇಟ್ಟು 2ರಿಂದ 8 ಡಿಗ್ರಿ ಕಾಯ್ದುಕೊಳ್ಳಿ. ಕರೆಂಟು ಹೋದಾಗ ಪಿಎಚ್‌ಸಿಯ ಐಎಲ್‌ಆರ್ (ಲಸಿಕೆ ಇಡುವ, ಸುತ್ತ ಐಸಿರುವ ಫ್ರಿಜ್) ಬಾಗಿಲು ತೆರೆಯದಿದ್ದರೆ ಅದರೊಳಗಿನ ಐಸು ಬಹಳ ಹೊತ್ತು ಕಾಯುತ್ತದೆ. 'ಒಳಗೆ ತಂಪಿದೆಯಾ ನೋಡೋಣ' ಎಂದು ಗಂಟೆಗೊಮ್ಮೆ ತೆರೆಯುವವರನ್ನೇ ತಡೆಯಬೇಕು. ರೋಗಿ ಈಗಾಗಲೇ ಬಳಸುತ್ತಿರುವ ವಯಲ್‌ಗೆ ಇಷ್ಟು ರಗಳೆ ಬೇಡ. ಸಾಮಾನ್ಯ ಇನ್ಸುಲಿನ್ ಬಹುತೇಕ 30 ಡಿಗ್ರಿಯೊಳಗೆ 28 ದಿನದವರೆಗೆ ತಡೆಯುತ್ತದೆ. ನೀರು ತುಂಬಿದ ಮಡಕೆಯ ಪಕ್ಕದ ನೆರಳು ಸಾಕು.

ಇನ್ನೊಂದು ಸಂಗತಿ, ಇದನ್ನು ದಪ್ಪಕ್ಷರದಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ನಮ್ಮಲ್ಲಿ ವಯಲ್‌ನ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಟೊಪ್ಪಿಯ ಸಿರಿಂಜು. ಹೊರಗಿನಿಂದ ದಾನವಾಗಿ ಬರುವುದು 100 ಯೂನಿಟ್‌ನದ್ದಾಗಿರಬಹುದು, ಅದಕ್ಕೆ ಕಿತ್ತಳೆ ಟೊಪ್ಪಿ. ನೂರರದ್ದನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಸರಿಯಾಗಿ ಊಟವೂ ಸಿಗದ ಕೇಂದ್ರದಲ್ಲಿ ಅಷ್ಟು ಇನ್ಸುಲಿನ್ ಬಿದ್ದರೆ ಮನುಷ್ಯ ರಾತ್ರಿಯೇ ಪ್ರಜ್ಞೆ ತಪ್ಪುತ್ತಾನೆ. ವಯಲ್ ಮತ್ತು ಸಿರಿಂಜನ್ನು ಒಂದೇ ಕವರಿನಲ್ಲಿ ಜೋಡಿಯಾಗಿಯೇ ಕೊಡಿ.

6. ಕೊನೆಯ 72 ಗಂಟೆ

ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲ ಎರಡು: ಮುಂಗಾರಿನ ಮುಂಚೆ ಮೇ-ಜೂನ್, ನಂತರ ಅಕ್ಟೋಬರ್‌ನಿಂದ ಡಿಸೆಂಬರ್. 2021ರ ಮೇ ತಿಂಗಳ ತೌಕ್ತೆ, 2019ರ ಅಕ್ಟೋಬರ್‌ನ ಕ್ಯಾರ್ ನೆನಪಿದ್ದರೆ ಲೆಕ್ಕ ಸಿಗುತ್ತದೆ. ಹವಾಮಾನ ಇಲಾಖೆ ಸುಮಾರು 72 ಗಂಟೆ ಮೊದಲು ಪೂರ್ವಸೂಚನೆ, 48 ಗಂಟೆಗೆ ಜಾಗೃತಿ, 24 ಗಂಟೆಗೆ ಎಚ್ಚರಿಕೆ ಕೊಡುತ್ತದೆ.

72ರಲ್ಲಿ ಪಟ್ಟಿ ತೆಗೆದು ಪೆಟ್ಟಿಗೆ ತೆರೆದು ಎಣಿಸಿ. 48ರಲ್ಲಿ ಪೆಟ್ಟಿಗೆಗಳು ಹೊಳೆ ದಾಟಬೇಕು, ಡಯಾಲಿಸಿಸ್‌ನವರು ಮತ್ತು ದಿನ ತುಂಬಿದ ಗರ್ಭಿಣಿಯರು ಆಸ್ಪತ್ರೆಯ ದಡಕ್ಕೆ ಬರಬೇಕು. 24ರಲ್ಲಿ ನಿಮ್ಮ ಕೆಲಸ ಮುಗಿದಿರಬೇಕು. ಮುಗಿದಿಲ್ಲವಾದರೆ ಇದ್ದಲ್ಲೇ ಇರಿ. ಗಾಳಿಯಲ್ಲಿ ದೋಣಿ ಬಿಟ್ಟು ಗುಳಿಗೆ ಮುಟ್ಟಿಸುವ ಸಾಹಸ ಬೇಡ. ಮೀನುಗಾರರು ದೋಣಿ ದಡಕ್ಕೆಳೆದಿದ್ದಾರೆ ಎಂದರೆ ಅವರಿಗಿಂತ ಹೊಳೆ ಬಲ್ಲವರು ನಾವಲ್ಲ. ಕದ್ರಾ, ಗೇರುಸೊಪ್ಪದಂಥ ಅಣೆಕಟ್ಟಿನ ಕೆಳಗಿನ ಊರಿನವರು ಸಮುದ್ರದ ಸುದ್ದಿಯಷ್ಟೇ ಕೇಳಿದರೆ ಸಾಲದು. 2019ರ ಆಗಸ್ಟ್‌ನಲ್ಲಿ ಕದ್ರಾದ ನೀರು ಬಿಟ್ಟಾಗ ಕೆಳಗಿನ ಹಳ್ಳಿಗಳು ಮುಳುಗಿದ್ದು ಚಂಡಮಾರುತದಿಂದಲ್ಲ. ಜಿಲ್ಲಾ ವಿಪತ್ತು ಸಹಾಯವಾಣಿ 1077, ಆಂಬುಲೆನ್ಸ್ 108.

7. ಮೇಜಿನ ಹಿಂದೆ

ನನ್ನ ಅಂಗಡಿಯ ಲೈಸೆನ್ಸ್ ನನ್ನ ಅಂಗಡಿಯ ಜಾಗಕ್ಕೆ, ಶಾಲೆಯ ಜಗಲಿಗೆ ಅಲ್ಲ. ಆದ್ದರಿಂದ ಔಷಧಿ ಬಿಲ್ಲಿನ ಮೇಲೆ ಪಿಎಚ್‌ಸಿಗೋ ಅಲ್ಲಿನ ವೈದ್ಯರಿಗೋ ಹೋಗುತ್ತದೆ, ಕೇಂದ್ರದಲ್ಲಿ ಅವರ ಹೆಸರಿನಲ್ಲಿ ಹಂಚಿಕೆಯಾಗುತ್ತದೆ. ವೈದ್ಯರು ದಿನವಿಡೀ ಕೂರಲಾಗದಿದ್ದರೆ ಬೆಳಗ್ಗೆ ಬಂದು ಚೀಟಿ ಬರೆದು ಹೋಗಲಿ, ನಾವು ಅದರಂತೆ ಕೊಡೋಣ. ಅಲ್ಪ್ರಜೋಲಮ್, ಟ್ರಮಡಾಲ್‌ನಂಥ ಎಚ್-1 ಪಟ್ಟಿಯವು (ಕಾನೂನು ಬಿಗಿ ಹಿಡಿದ ಔಷಧಿಗಳು) ಬೀಗದೊಳಗೆ, ಪ್ರತ್ಯೇಕ ರಿಜಿಸ್ಟರಿನೊಂದಿಗೆ. ನೆರೆ ಎಂದು ಕಾನೂನು ರಜೆ ಹಾಕುವುದಿಲ್ಲ; ಹಾಕಬಾರದು ಕೂಡ, ಕೇಂದ್ರದಲ್ಲಿ ನಿದ್ದೆ ಗುಳಿಗೆಗೆ ಬೇಡಿಕೆ ಎಷ್ಟಿರುತ್ತದೆ ಎಂದು ಕೂತವರಿಗೇ ಗೊತ್ತು.

ಗುಳಿಗೆಯ ಕವರಿನ ಮೇಲೆ ಸೂರ್ಯ, ಚಂದ್ರ ಬರೆಯಿರಿ. ಕಾರವಾರದ ಕಡೆ ಮನೆಮಾತು ಕೊಂಕಣಿ, ಅಕ್ಷರ ಓದದವರೂ ಇದ್ದಾರೆ. ಸೂರ್ಯ ಎಲ್ಲರಿಗೂ ಒಬ್ಬನೇ. ಬ್ರ್ಯಾಂಡ್ ಬದಲಾಗಿದ್ದರೆ ಬಾಯಿಬಿಟ್ಟು ಹೇಳಿ: "ಬಣ್ಣ ಬೇರೆ, ಗುಳಿಗೆ ಅದೇ. ಹಳೇದು ಸಿಕ್ಕರೂ ಎರಡೂ ನುಂಗಬೇಡಿ." ಇದನ್ನು ಹೇಳದ ದಿನವೇ ಒಬ್ಬರು ಎರಡನ್ನೂ ನುಂಗಿ ತಲೆ ತಿರುಗಿ ಬಿದ್ದರು. ಓಆರ್‌ಎಸ್ ಕೊಡುವಾಗ ಒಂದು ಲೀಟರಿನ ಬಾಟಲಿಯನ್ನೇ ತೋರಿಸಿ. ಲೋಟಕ್ಕೆ ಪೂರ್ತಿ ಪೊಟ್ಟಣ ಸುರಿದು ಮಗುವಿಗೆ ಕುಡಿಸಿದರೆ ಉಪ್ಪು ಹೆಚ್ಚಾಗಿ ಕೇಡೇ ಆಗುತ್ತದೆ. ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು.

8. ದಾನದ ಮೂಟೆ

ಹೇಳಲು ಮುಜುಗರ, ಆದರೂ ಹೇಳುತ್ತೇನೆ. ಒಮ್ಮೆ ದೂರದ ಊರಿನ ಒಂದು ಸಂಘದವರು ಅಕ್ಕಿ ಚೀಲದಲ್ಲಿ ಔಷಧಿ ತಂದು ಸುರಿದು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು ಹೋದರು. ಅರ್ಧ ಕತ್ತರಿಸಿದ ಸ್ಟ್ರಿಪ್, ದಿನಾಂಕವಿದ್ದ ತುದಿಯೇ ಇಲ್ಲ. ಮಾರಾಟಕ್ಕಲ್ಲ ಎಂದು ಬರೆದ ಸ್ಯಾಂಪಲ್, ಶಕ್ತಿವರ್ಧಕ ಟಾನಿಕ್, ಕೂದಲು ಉದುರುವುದಕ್ಕೆ ಲೋಶನ್. ಇಬ್ಬರು ನರ್ಸ್‌ಗಳು ಒಂದೂವರೆ ದಿನ ಅದನ್ನು ಬೇರ್ಪಡಿಸುತ್ತ ಕೂತರು. ಉಪಯೋಗಕ್ಕೆ ಬಂದದ್ದು ಒಂದು ಶೂ ಡಬ್ಬಿಯಷ್ಟು.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸರಳ: ಕೇಳಿದ್ದನ್ನೇ ಕೊಡಿ, ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಲಿ, ರೋಗಿಗಳು ಹಿಂದಿರುಗಿಸಿದ್ದು ಮತ್ತು ಸ್ಯಾಂಪಲ್ ಬೇಡ. ನಾನು ಇದಕ್ಕೆ ಒಂದು ಸೇರಿಸುತ್ತೇನೆ. ಕೊಡುವ ಮನಸ್ಸಿದ್ದರೆ ಹಣವನ್ನು ಹತ್ತಿರದ ಜನೌಷಧಿ ಕೇಂದ್ರದ ಬಿಲ್ಲಿಗೆ ಕಟ್ಟಿ. ಬ್ಯಾನರಿಗೆ ಜಾಗ ಅಲ್ಲೂ ಇದೆ.

9. ನೀರು ಇಳಿದ ಮೇಲೆ

ಎಲ್ಲರೂ ಮನೆ ತೊಳೆಯಲು ಹೋದಾಗ ಪೂರೈಕೆಯವರು ಎರಡನೇ ಸುತ್ತಿಗೆ ಸಜ್ಜಾಗಬೇಕು. ಮೊದಲ ವಾರ ಭೇದಿ. ಇಲಿ ಜ್ವರ ತಲೆಯೆತ್ತುವುದು ಕೆಸರಿಗೆ ಇಳಿದ ಐದರಿಂದ ಹದಿನಾಲ್ಕು ದಿನದೊಳಗೆ. ಕೆಸರಲ್ಲಿ ಕೆಲಸ ಮಾಡುವ ದೊಡ್ಡವರಿಗೆ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ 200 ಎಂಜಿ ಕೊಡುವ ಪದ್ಧತಿ ಇದೆ. ಅದು ವೈದ್ಯರ ತೀರ್ಮಾನ. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ಆಮೇಲೆ ನಿಂತ ನೀರಿನ ಸೊಳ್ಳೆ, ಡೆಂಗಿ. ಜ್ವರಕ್ಕೆ, ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ಬದಲು ಪ್ಯಾರಾಸಿಟಮಾಲ್ ಹೆಚ್ಚು ತರಿಸಿಕೊಳ್ಳುವುದು ಈ ಕಾರಣಕ್ಕೆ.

ಬಾವಿಗೆ ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೇ ಬ್ಲೀಚಿಂಗ್ ಪೌಡರ್ ಸಾಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ 15,700 ಲೀಟರ್, ಅಂದರೆ 40 ಗ್ರಾಂ. ನೆರೆ ನೀರು ನುಗ್ಗಿದ ಬಾವಿಗೆ ಇದು ಸಾಲದು. ಆರೋಗ್ಯ ಸಹಾಯಕರು ನೀರಿನ ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪ್ ಹಿಡಿದು ನೋಡಿ ಹೇಳಿದಷ್ಟು ಹಾಕಿ.

ನೆರೆ ನೀರು ತಾಗಿದ ಔಷಧಿ ಹೊರಗೆ ಚೆನ್ನಾಗಿ ಕಂಡರೂ ಎಸೆಯುವುದೇ ಸರಿ. ಜೀವ ಉಳಿಸುವ ಗುಳಿಗೆ ಒಂದೇ ಉಳಿದಿದ್ದು, ಒಳಗೆ ಪೂರ್ತಿ ಒಣಗಿದ್ದರೆ, ಹೊಸದು ಸಿಗುವವರೆಗೆ ಬಳಸಬಹುದು. ಹಾಳಾದದ್ದನ್ನು ಹೊಳೆಗೆ ಸುರಿಯಬೇಡಿ, ಹಳದಿ ಚೀಲಕ್ಕೆ ಹಾಕಿ ಆಸ್ಪತ್ರೆಯ ತ್ಯಾಜ್ಯದೊಂದಿಗೆ ಕಳಿಸಿ.

ಕೇಂದ್ರ ಮುಚ್ಚುವ ದಿನ ಪ್ರತಿಯೊಬ್ಬರ ಕೈಗೂ ಹದಿನೈದು ದಿನದ ಗುಳಿಗೆ, ಔಷಧಿಯ ಹೆಸರು ಬರೆದ ಚೀಟಿ ಹೋಗಲಿ. ಉಳಿದದ್ದನ್ನು ಎಣಿಸಿ, ಬ್ಯಾಚ್ ನಂಬರ್ ಸಮೇತ ಬರೆದು ಪಿಎಚ್‌ಸಿಗೆ ಒಪ್ಪಿಸಿ ಸಹಿ ತೆಗೆದುಕೊಳ್ಳಿ. ಖಾಲಿ ಡಬ್ಬ ವಾಪಸು ಕೇಳಲು ನಾಚಿಕೆ ಬೇಡ. ನನ್ನ ಎರಡು ಡಬ್ಬ ಈಗಲೂ ಯಾರದೋ ಮನೆಯಲ್ಲಿ ಅಕ್ಕಿ ಕಾಯುತ್ತಿವೆ. ನವರಾತ್ರಿಯ ಹೊತ್ತಿಗೆ ಡಬ್ಬಗಳನ್ನು ಮತ್ತೆ ತೆರೆದು ದಿನಾಂಕ ನೋಡಬೇಕು, ಅಕ್ಟೋಬರ್‌ನ ತೂಫಾನು ಅದಾಗಿಯೇ ಬರುವುದು.